ಹನ್ನೊಂದನೇ ನಂಬರಿನ ಹಾಳೆ

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಸರ್ವೆ ಮೇಡಂ ನನ್ನ ಮೇಜಿನ ಮುಂದೆ ಬಂದು ನಿಂತಾಗ ನಾನಿನ್ನೂ ಟೀ ಲೋಟಕ್ಕೆ ಕೈ ಹಾಕಿರಲಿಲ್ಲ. ಟೀ ಕುಡಿಯುವ ಮುಂಚೆ ಯಾರಾದರೂ ಕಾಗದ ಹಿಡಿದು ಬಂದರೆ ನಾನು ಮನುಷ್ಯನಾಗಿರುವುದಿಲ್ಲ ಎಂಬುದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಆಕೆ ಹೊಸಬರು, ಗೊತ್ತಿರಲಿಲ್ಲ.

"ಗುಮಾಸ್ತರೇ, ಇದನ್ನ ಸ್ವಲ್ಪ ಓದಿ. ನೋಡಿದಾಗಿಂದ ನಂಗೆ ಕೈಕಾಲೇ ಆಡ್ತಿಲ್ಲ."

ಓದಿದೆ. ಟೀ ಆರಿಹೋಗಿದ್ದು ಆಮೇಲೆ ಗೊತ್ತಾಯಿತು.

ನಮ್ಮದು ಕಾನೂನು ಮೀರಿ ಸಿಕ್ಕಿಬಿದ್ದ, ಹದಿನೆಂಟು ತುಂಬದ ಹುಡುಗರನ್ನು ಇಟ್ಟುಕೊಳ್ಳುವ ಬಾಲಮಂದಿರ. ಆಗ ಮೂವತ್ತೆಂಟು ಹುಡುಗರಿದ್ದರು. ಇಂಥವರ ಲಕ್ಷಣಗಳೇನು, ಎಂಥ ಮನೆಯಿಂದ ಬರುತ್ತಾರೆ, ಯಾವಾಗ ಶಾಲೆ ಬಿಟ್ಟರು ಎಂದೆಲ್ಲ ಅಧ್ಯಯನ ಮಾಡಲು ಮೇಡಂ ಬಂದಿದ್ದರು. ಇಪ್ಪತ್ತು ವರ್ಷ ಇವರ ಕಡತ ಬರೆದ ನನ್ನನ್ನು ಕೇಳಿದ್ದರೆ ಅರ್ಧ ಗಂಟೆಯಲ್ಲಿ ಹೇಳಿಬಿಡುತ್ತಿದ್ದೆ. ಮುಕ್ಕಾಲು ಪಾಲು ಹುಡುಗರು ಆರನೇ ಕ್ಲಾಸು ದಾಟಿರುವುದಿಲ್ಲ. ಒಬ್ಬನೇ ತಪ್ಪು ಮಾಡಿ ಬಂದವನು ಅಪರೂಪ, ಜೊತೆಗೊಬ್ಬ ದೊಡ್ಡವನು ಇದ್ದೇ ಇರುತ್ತಾನೆ. ತಟ್ಟೆಯನ್ನು ಯಾರೋ ಕಿತ್ತುಕೊಳ್ಳುತ್ತಾರೇನೋ ಎಂಬಂತೆ ಗಬಗಬ ತಿನ್ನುತ್ತಾರೆ, ಮುಖ ಮುಚ್ಚಿಕೊಂಡು ಮಲಗುತ್ತಾರೆ, ಪೆನ್ಸಿಲ್ ಕೊಟ್ಟರೆ ಹಾಳೆ ತೂತಾಗುವಷ್ಟು ಒತ್ತಿ ಬರೆಯುತ್ತಾರೆ. ಆದರೆ ಗುಮಾಸ್ತನನ್ನು ಯಾರು ಕೇಳುತ್ತಾರೆ?

ಬುಧವಾರ ಮರಗೆಲಸದ ಕೋಣೆಯಲ್ಲಿ ಹುಡುಗರನ್ನೆಲ್ಲ ಬೆಂಚಿನ ಮೇಲೆ ಕೂರಿಸಿ ಮೇಡಂ ಒಂದೊಂದು ಪ್ರಶ್ನೆಪತ್ರಿಕೆ ಕೊಟ್ಟಿದ್ದರು. ಹೆಸರು ಬೇಡ, ನಂಬರು ಸಾಕು. ಬರೆದು, ಮಡಿಚಿ, ನಂಬರು ಮೇಲೆ ಕಾಣುವಂತೆ ಮರದ ಡಬ್ಬಿಗೆ ಹಾಕಬೇಕು. ಹನ್ನೆರಡೂವರೆಗೆ ಮುಗಿಯಿತು. ಡಬ್ಬಿಯನ್ನೂ ಮಿಕ್ಕ ಖಾಲಿ ಹಾಳೆಗಳನ್ನೂ ಅಲ್ಲೇ ಬಿಟ್ಟು ಮೇಡಂ ಊಟಕ್ಕೆ ಹೋಗಿದ್ದರು, ಎರಡು ಗಂಟೆಗೆ ಬಂದು ತೆಗೆದುಕೊಂಡು ಹೋಗಿದ್ದರು.

ಈಗ ನನ್ನ ಕೈಯಲ್ಲಿದ್ದದ್ದು ಹನ್ನೊಂದನೇ ನಂಬರಿನ ಹಾಳೆ. ಅಕ್ಷರಗಳು ಸೊಟ್ಟಸೊಟ್ಟಗೆ, ನಡುಗುತ್ತ ಸಾಲು ಬಿಟ್ಟು ಇಳಿದಿದ್ದವು. "ಮನೆಯಲ್ಲಿ ಯಾರಿದ್ದಾರೆ?" ಎಂಬುದಕ್ಕೆ "ತಾಯಿ ಇಲ್ಲ. ಅಕ್ಕ ಮಾತ್ರ ಇದ್ದಾಳೆ" ಎಂದಿತ್ತು. "ಹೊರಗೆ ಹೋದ ಮೇಲೆ ಮೊದಲು ಏನು ಮಾಡುತ್ತೀರಿ?" ಎಂಬುದಕ್ಕೆ ಉತ್ತರ ಹೀಗಿತ್ತು: "ನನ್ನ ಹೆಸರು ಬಾಯಿಬಿಟ್ಟ ವಿಶ್ವಾಸಘಾತುಕನನ್ನು ಹುಡುಕುತ್ತೇನೆ. ಅವನ ಕಥೆ ಮುಗಿಸುತ್ತೇನೆ."

ಹನ್ನೊಂದನೇ ನಂಬರಿನವನಿಗೆ ಹದಿನಾರು ವರ್ಷ. ಇಬ್ಬರು ದೊಡ್ಡವರು ಅಂಗಡಿಯ ಬಾಗಿಲು ಮುರಿಯುವಾಗ ಹೊರಗೆ ಕಾವಲು ನಿಂತಿದ್ದ. ಅವರಲ್ಲಿ ಒಬ್ಬ ಇವನ ಹೆಸರು ಹೇಳಿದ. ಹದಿನಾಲ್ಕು ತಿಂಗಳಿಂದ ನಮ್ಮಲ್ಲಿದ್ದ. ಬಂದಾಗ ಮಾತೇ ಆಡದವನು ಮರಗೆಲಸದ ಮೇಷ್ಟ್ರ ಹತ್ತಿರ ಉಳಿ ಹಿಡಿದ ಮೇಲೆ ಮನುಷ್ಯನಾಗಿದ್ದ. ಎಲ್ಲರೂ ಅವನನ್ನು ಮರಿಮೇಷ್ಟ್ರು ಎಂದೇ ಕರೆಯುತ್ತಿದ್ದರು. ಶುಕ್ರವಾರ, ಅಂದರೆ ಮಾರನೇ ದಿನ ಹನ್ನೊಂದು ಗಂಟೆಗೆ ಅವನ ಬಿಡುಗಡೆ. ಬಾಲನ್ಯಾಯ ಮಂಡಳಿಯ ಆದೇಶ ನನ್ನ ಡ್ರಾಯರಿನಲ್ಲೇ ಇತ್ತು.

ಸಾಹೇಬರು, ಅಂದರೆ ನಮ್ಮ ಸೂಪರಿಂಟೆಂಡೆಂಟು, ಹಾಳೆ ನೋಡಿದ ಕೂಡಲೇ ಹುಡುಗನನ್ನು ಕರೆಸಿದರು. ಜೊತೆಗೆ ವಾರ್ಡರನನ್ನೂ ಮರಗೆಲಸದ ಮೇಷ್ಟ್ರನ್ನೂ ಕರೆಸಿದರು.

"ಇದು ನಿಂದೇನೋ?"

ಹುಡುಗ ಹಾಳೆಯನ್ನು ಬಹಳ ಹೊತ್ತು ನೋಡಿದ. "ನಂದೇ ಸಾರ್," ಎಂದ.

"ನೋಡಿದ್ರಾ? ನಾನು ಅವತ್ತೇ ಹೇಳಿದ್ದೆ," ಎಂದ ವಾರ್ಡರ, ಮೀಸೆ ನೀವುತ್ತ. ಆತನಿಗೆ ಈ ಹುಡುಗನನ್ನು ಕಂಡರೆ ಮೊದಲಿಂದಲೂ ಆಗುತ್ತಿರಲಿಲ್ಲ. ವಾರ್ಡರ ಹುಡುಗರಿಗೆ ಹೊಡೆಯುತ್ತಾನೆ ಎಂದು ಸಾಹೇಬರ ಮುಂದೆ ಹೇಳಿದವನು ಈ ಹುಡುಗನೇ.

ಮೇಷ್ಟ್ರು ಏಪ್ರನ್ನಿನ ಜೇಬಿನಲ್ಲಿ ಕೈ ಇಟ್ಟುಕೊಂಡೇ ಮುಂದೆ ಬಂದರು. "ಮರಿ ಅಂಥವನಲ್ಲ ಸಾರ್. ಏನೋ ಸಿಟ್ಟಲ್ಲಿ ಬರ್ದಿದಾನೆ. ಬೇಕಾದ್ರೆ ಇನ್ನೊಂದಾರು ತಿಂಗಳು ಇಲ್ಲೇ ಇರ್ಲಿ. ನಾನು ನೋಡ್ಕೋತೀನಿ."

"ಇಲ್ಲಿ ಇಟ್ಕೊಳ್ಳೋಕೆ ಆಗಲ್ಲ ಮೇಷ್ಟ್ರೇ. ಕೊಲ್ತೀನಿ ಅಂದವನನ್ನ ಬಿಗಿ ಕಾವಲಿನ ಮಂದಿರಕ್ಕೆ ಕಳಿಸ್ಬೇಕು. ಹದಿನೆಂಟು ತುಂಬೋವರೆಗೂ ಅಲ್ಲೇ. ನಾಳೆ ಹನ್ನೊಂದಕ್ಕೆ ಮಂಡಳಿಗೆ ವರದಿ ಹೋಗತ್ತೆ."

ಬಿಗಿ ಕಾವಲಿನ ಮಂದಿರ ಎರಡು ದಿನದ ದಾರಿ. ಮೇಷ್ಟ್ರ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಟೀ ಕೊಡಲು ಹೋದರೆ ಬೇಡವೆಂದರು. ಇತ್ತೀಚೆಗೆ ಅವರು ನಾಲ್ಕು ಜನರ ಮುಂದೆ ಟೀ ಕುಡಿಯುವುದನ್ನೇ ಬಿಟ್ಟಿದ್ದರು, ಕೇಳಿದರೆ ಹೊಟ್ಟೆ ಉಬ್ಬರ ಅನ್ನುತ್ತಿದ್ದರು.

ನಾನು ನೇರವಾಗಿ ಟೀಚರಮ್ಮನ ಹತ್ತಿರ ಓಡಿದೆ.

ಹೊಲಿಗೆ ಕಲಿಸುವ ಟೀಚರಮ್ಮ ಆವರಣದ ಹಿಂದಿನ ಎರಡು ಕೋಣೆಯ ಮನೆಯಲ್ಲೇ ಇರುವವರು. ಮಂದಿರದಲ್ಲಿ ಏನು ಕಳೆದರೂ, ಯಾರು ಯಾರ ಮೇಲೆ ಗೂಬೆ ಕೂರಿಸಿದರೂ ಕೊನೆಗೆ ಗಂಟು ಬಿಚ್ಚುವುದು ಅವರೇ. ಕಾಣೆಯಾದ ಅಡುಗೆಮನೆ ಬೀಗವನ್ನು ಹಿಟ್ಟಿನ ಡಬ್ಬಿಯಿಂದ ತೆಗೆಸಿದ್ದು, ಸುಳ್ಳು ದೂರು ಬರೆದವನನ್ನು ಒಂದು ಅಂಗಿ ಗುಂಡಿಯಿಂದ ಹಿಡಿದದ್ದು ಎಲ್ಲ ನಾನು ಕಣ್ಣಾರೆ ಕಂಡದ್ದು. ಹೊರಗೆ ಹೋಗುವ ಪ್ರತಿ ಹುಡುಗನಿಗೂ ಅವರು ತಮ್ಮ ಕೈಯಿಂದ ಒಂದು ಹೊಸ ಅಂಗಿ ಹೊಲಿದು ಕೊಡುತ್ತಾರೆ. ನಾನು ಹೋದಾಗ ಮರಿಮೇಷ್ಟ್ರ ಅಂಗಿಯ ತೋಳು ಹೊಲಿಗೆ ಯಂತ್ರದ ಮೇಲೆಯೇ ಇತ್ತು.

ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. "ಇದು ಆ ಮೀಸೆಯವನದೇ ಕಿತಾಪತಿ ಟೀಚರಮ್ಮ. ನನ್ನ ಮಾತು ಬರೆದಿಟ್ಕೊಳ್ಳಿ."

"ಬರೆಯೋ ಕೆಲಸ ನಿಮ್ದು ಗುಮಾಸ್ತರೇ. ನಂದು ಬಿಚ್ಚೋ ಕೆಲಸ. ನಾಳೆ ಬಿಡುಗಡೆ ಆಗೋ ಹುಡುಗ ಬರೆದಿದ್ದೇ ವಿಚಿತ್ರ, ಕೇಳಿದ ತಕ್ಷಣ ಒಪ್ಕೊಂಡಿದ್ದು ಇನ್ನೂ ವಿಚಿತ್ರ. ಹೊಡೀಲಿಲ್ಲ, ಬಡೀಲಿಲ್ಲ, ಯಾಕೆ ಒಪ್ಕೊಂಡ? ನಡೀರಿ, ಎಲ್ಲ ಹಾಳೆ ತೋರಿಸಿ."

ಮೂವತ್ತೆಂಟು ಹಾಳೆಗಳನ್ನೂ ಒಂದೊಂದಾಗಿ ನೋಡಿದರು. ಬರೆದ ಕಡೆ ನೋಡಿ, ಮಗುಚಿ ಹಿಂಬದಿಯ ಮೇಲೆ ಬೆರಳಾಡಿಸಿದರು. ಹನ್ನೊಂದನೆಯದರ ಮೇಲೆ ಎರಡು ಸಲ ಆಡಿಸಿದರು. ಆಮೇಲೆ ಮರಿಮೇಷ್ಟ್ರ ಕಡತ ಕೇಳಿದರು. ನಾನು ಮರದ ಬೀರು ತೆಗೆದೆ.

"ಅರೆ, ನಿಮ್ಮ ಬೀರು ಕಿರುಗುಡ್ತಾನೇ ಇಲ್ವಲ್ರೀ!"

"ಸೋಮವಾರ ಮೇಷ್ಟ್ರು ಬಂದು ಬಾಗಿಲ ಅಂಚನ್ನ ಹತ್ರಿಯಲ್ಲಿ ಉಜ್ಜಿ ಕೂರಿಸಿಕೊಟ್ರು. ಪಾಪ, ಒಂದು ಗಂಟೆ ಒದ್ದಾಡಿದ್ರು. ನಾನು ಅಷ್ಟರಲ್ಲಿ ಹೋಗಿ ಟೀ ಕುಡ್ಕೊಂಡು ಬಂದೆ."

"ನೀವು ಟೀಗೆ ಹೋದ್ರೆ ಲೋಕ ಮುಳುಗಿದ್ರೂ ಗೊತ್ತಾಗಲ್ಲ," ಎಂದು ಕಡತ ತೆರೆದರು. ಮೊದಲ ಪುಟ ನನ್ನದೇ ದುಂಡು ಅಕ್ಷರ. ಹುಡುಗ ಬಂದ ದಿನ "ಮನೇಲಿ ಯಾರಿದ್ದಾರೆ?" ಎಂದು ನಾನು ಕೇಳಿದ್ದೆ, "ಅಕ್ಕ ಒಬ್ಳೇ" ಎಂದಿದ್ದ. "ತಂದೆ: ಇಲ್ಲ. ತಾಯಿ: ಇಲ್ಲ. ಅಕ್ಕ: ಒಬ್ಬರು" ಎಂದು ಬರೆದಿದ್ದೆ. ಟೀಚರಮ್ಮ ಅದನ್ನು ಎರಡು ಸಲ ಓದಿದರು. ಗೇಟಿನಿಂದ ಭಾನುವಾರದ ಭೇಟಿ ಪುಸ್ತಕ ತರಿಸಿಕೊಂಡರು. ಮನೆಯವರು ಬಂದಾಗ ವಾರ್ಡರ ಕೇಳಿ ಕೇಳಿ ಬರೆಯುವ ಪುಸ್ತಕ ಅದು. ಎರಡು ಪುಟ ತಿರುವಿ, "ಹೂಂ" ಎಂದು ಮುಚ್ಚಿಟ್ಟರು. ನಾನು ಬಗ್ಗಿ ನೋಡುವಷ್ಟರಲ್ಲಿ ಪುಸ್ತಕ ಕಂಕುಳಲ್ಲಿತ್ತು.

ಮಧ್ಯಾಹ್ನ ಹುಡುಗನನ್ನು ಅಂಗಿಯ ಅಳತೆಗೆ ಕರೆದರು. ನಾನು ಬಾಗಿಲ ಬಳಿ ಕೂತಿದ್ದೆ.

"ಅಂಗಿ ಬೇಡ ಟೀಚರ್. ನಾನೀಗ ಹೋಗಲ್ಲವಲ್ಲ."

"ತೋಳೆತ್ತು. ಅಕ್ಕಂಗೆ ಸುದ್ದಿ ಮುಟ್ತಾ?"

ಅಲ್ಲಿಯವರೆಗೆ ಕಲ್ಲಾಗಿದ್ದವನ ಕಣ್ಣು ತುಂಬಿತು. "ಅಕ್ಕಂಗೆ ನಾನೊಬ್ನೇ ಟೀಚರ್. ಒಂದು ಭಾನುವಾರನೂ ತಪ್ಪಿಸಿಲ್ಲ. ನಾಳೆ ಕೆಲಸಕ್ಕೆ ರಜಾ ಹಾಕಿದಾಳೆ. ಗೇಟಿನ ತನಕ ಬಂದು ವಾಪಸ್ ಹೋಗ್ಬೇಕಲ್ಲ."

"ಹಾಗಿದ್ರೆ ನಿಜ ಹೇಳು. ಹಾಳೆ ಬರ್ದೋರು ಯಾರು?"

ಹುಡುಗ ಮೂಗು ಒರೆಸಿಕೊಂಡ. "ನಾನೇ ಬರ್ದಿದ್ದು."

"ವಿಶ್ವಾಸಘಾತುಕ ಅಂದ್ರೆ ಏನೋ ಮರಿ?"

ಹುಡುಗ ತಲೆ ಕೆರೆದುಕೊಂಡ. ಟೀಚರಮ್ಮ ಅಳತೆ ಟೇಪು ಸುತ್ತಿಟ್ಟು ಅವನ ತಲೆಗೊಂದು ಮೊಟಕಿ ಕಳಿಸಿದರು. "ಗುಮಾಸ್ತರೇ, ನಾಳೆ ಹತ್ತಕ್ಕೆ ಎಲ್ಲರನ್ನೂ ಮರಗೆಲಸದ ಕೋಣೆಗೆ ಕರೀರಿ. ಅವನ ಮನೆಯವರಿಗೂ ಒಂದು ಗಂಟೆ ಮುಂಚೆ ಬರೋಕೆ ಹೇಳಿ."

ಶುಕ್ರವಾರ ಹತ್ತಕ್ಕೆ ಎಲ್ಲ ಸೇರಿದೆವು. ಸಾಹೇಬರು ಗಡಿಯಾರ ನೋಡುತ್ತಿದ್ದರು. ಮೇಡಂ ಡಬ್ಬಿ ತೊಡೆಯ ಮೇಲಿಟ್ಟುಕೊಂಡಿದ್ದರು. ವಾರ್ಡರ ಬಾಗಿಲಲ್ಲಿ, ಮೇಷ್ಟ್ರು ತಮ್ಮ ಕೆಲಸದ ಮೇಜಿನ ಹಿಂದೆ, ಹುಡುಗ ಮೂಲೆಯಲ್ಲಿ. ಬೆಂಚಿನ ತುದಿಯಲ್ಲಿ ಕೂತಿದ್ದ ಹೆಂಗಸಿಗೆ ನಲವತ್ತರ ಹತ್ತಿರ ವಯಸ್ಸು, ಕೈಯಲ್ಲಿ ಚೀಲ. ಗೋಡೆಗೆ ಒಂದು ದೊಡ್ಡ ಬಾಗಿಲ ಹಲಗೆ ಒರಗಿಸಿತ್ತು, ಮುಂದಿನ ತಿಂಗಳ ಕುಶಲಕರ್ಮಿಗಳ ಸ್ಪರ್ಧೆಗೆ ಮೇಷ್ಟ್ರು ಕಳಿಸಬೇಕಾದದ್ದು. ಬಳ್ಳಿಯ ಮೇಲೆ ಐದು ಹಕ್ಕಿ, ಆರನೆಯದಕ್ಕೆ ಇನ್ನೂ ರೆಕ್ಕೆ ಬಂದಿರಲಿಲ್ಲ.

ಟೀಚರಮ್ಮ ಹೊಸ ಅಂಗಿ ಹಿಡಿದು ಬಂದರು. "ಕೊನೇ ಗುಂಡಿ ಬಾಕಿ ಇದೆ. ಕಣ್ಣು ಮಂಜು. ಮೇಷ್ಟ್ರೇ, ಈ ಸೂಜಿಗೆ ಸ್ವಲ್ಪ ದಾರ ಪೋಣಿಸಿ ಕೊಡ್ತೀರಾ?"

ಮೇಷ್ಟ್ರು ಕದಲಲಿಲ್ಲ. ಸಾಹೇಬರು, "ಕೊಡ್ರೀ, ಹೊತ್ತಾಗತ್ತೆ," ಎಂದರು. ಅವರು ಜೇಬಿನಿಂದ ಕೈ ತೆಗೆದರು. ದಾರದ ತುದಿ ಸೂಜಿಯ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಸೂಜಿಯೇ ನಡುಗುತ್ತಿತ್ತು. ಮೂರನೇ ಸಲ ಸೂಜಿ ನೆಲಕ್ಕೆ ಬಿತ್ತು.

"ನಾನು ಪೋಣಿಸ್ತೀನಿ ಟೀಚರ್!" ಹುಡುಗ ಮೂಲೆಯಿಂದ ಹಾರಿ ಬಂದ. "ಅವ್ರು ಕನ್ನಡಕ ತಂದಿಲ್ಲ, ಅದಕ್ಕೇ!"

"ಕೂತ್ಕೋ ಮರಿ. ನೀನು ಮುಚ್ಚಿಟ್ಟಿದ್ದು ಸಾಕು." ಟೀಚರಮ್ಮ ಸೂಜಿ ಹೆಕ್ಕಿಕೊಂಡು ಅಂಗಿಗೆ ಚುಚ್ಚಿಟ್ಟರು. "ತಪ್ಪು ತಿಳೀಬೇಡಿ ಮೇಷ್ಟ್ರೇ. ಬೇರೆ ದಾರಿ ಇರ್ಲಿಲ್ಲ."

ಆಮೇಲೆ ಸಾಹೇಬರ ಕಡೆ ತಿರುಗಿದರು. "ಮೊದಲು ಅಕ್ಷರದ ಮಾತು. ಹಾಳೆ ನೋಡಿದವರೆಲ್ಲ ಓದು ಬಾರದ ಹುಡುಗನ ಸೊಟ್ಟ ಬರಹ ಅಂದ್ಕೊಂಡ್ರಿ. ಮಿಕ್ಕ ಮೂವತ್ತೇಳನ್ನ ಮಗುಚಿ ಮುಟ್ಟಿ ನೋಡಿ. ಎಲ್ಲದರ ಬೆನ್ನೂ ಗಂಟುಗಂಟು. ಹುಡುಗರು ಅಷ್ಟು ಒತ್ತಿ ಬರೀತಾರೆ, ಕಾಗುಣಿತ ಮಾತ್ರ ದೇವರಿಗೇ ಪ್ರೀತಿ. ಈ ಹಾಳೆ ಬೆನ್ನು ನುಣ್ಣಗಿದೆ. ಅಕ್ಷರ ನಡುಗಿದೆ, ಕಾಗುಣಿತ ನಡುಗಿಲ್ಲ. 'ವಿಶ್ವಾಸಘಾತುಕ' ಅಂತ ಒಂದು ಒತ್ತೂ ತಪ್ಪದೆ ಬರ್ದಿದಾರೆ. ಚೆನ್ನಾಗಿ ಓದಿರೋ ದೊಡ್ಡವರ ಬರಹ, ಕೈ ಮಾತ್ರ ಸ್ವಾಧೀನದಲ್ಲಿಲ್ಲ."

"ದೊಡ್ಡವರು ಅಂದ್ರೆ ನಾವೆಲ್ಲ ಇದ್ದೀವಲ್ಲ," ಎಂದರು ಸಾಹೇಬರು.

"ಅಲ್ಲಿಗೇ ಬಂದೆ. 'ತಾಯಿ ಇಲ್ಲ, ಅಕ್ಕ ಮಾತ್ರ.' ಇದು ಎಲ್ಲಿಂದ ಬಂತು? ನಮ್ಮ ಗುಮಾಸ್ತರ ಕಡತದಿಂದ." ಬೆಂಚಿನ ತುದಿಗೆ ತಿರುಗಿದರು. "ಏನಮ್ಮಾ, ನೀವು ಇವನಿಗೆ ಏನಾಗ್ಬೇಕು?"

ಆ ಹೆಂಗಸು ಗಾಬರಿಯಿಂದ ಎದ್ದು ನಿಂತರು. "ನಾನು... ನಾನು ಹೆತ್ತವಳು."

ನನಗೆ ಕೂತ ಬೆಂಚು ಕುಸಿದಂತಾಯಿತು.

"ಇವನು ಹುಟ್ಟಿ ಬೆಳೆದಿದ್ದು ಅಜ್ಜಿ ಮನೇಲಿ," ಎಂದರು ಆಕೆ. "ನನ್ನ ತಮ್ಮ, ತಂಗೀರು ಎಲ್ಲ ಅಕ್ಕಾ ಅಕ್ಕಾ ಅಂತ ಕರೀತಿದ್ರು. ಇವನೂ ಅದನ್ನೇ ಕಲ್ತ. ತಿದ್ದೋಕೆ ಹೋದೆ, ಬಾಯಿಗೆ ಬರ್ಲೇ ಇಲ್ಲ."

"ಎಷ್ಟು ಮನೆಗಳಲ್ಲಿ ಹೀಗಿಲ್ಲ!" ಎಂದರು ಟೀಚರಮ್ಮ. "ನಮ್ಮ ಗುಮಾಸ್ತರು ಅಕ್ಕ ಅಂದ ಕೂಡ್ಲೆ ಅಕ್ಕ ಅಂತ ಬರ್ಕೊಂಡು, ಬದುಕಿರೋ ತಾಯೀನ ಇಲ್ಲ ಅಂತ ಮಾಡಿಟ್ರು. ತಾಯಿ ಇರೋನು ತಾಯಿ ಇಲ್ಲ ಅಂತ ತಾನೇ ಬರೀತಾನಾ ಸಾಹೇಬರೇ? ಆ ತಪ್ಪು ಇದ್ದಿದ್ದು ಪ್ರಪಂಚದಲ್ಲಿ ಒಂದೇ ಕಡೆ, ಆ ಕಡತದಲ್ಲಿ. ಅದನ್ನ ಓದಿದವರೇ ಹಾಳೆ ಬರ್ದಿರೋದು."

"ಹಾಗಾದ್ರೆ ವಾರ್ಡರ..." ಎಂದೆ ನಾನು, ನಾಲಿಗೆ ತಡೆಯಲಾರದೆ.

"ಅವರಂತೂ ಖಂಡಿತ ಅಲ್ಲ. ಭೇಟಿ ಪುಸ್ತಕದಲ್ಲಿ ಹದಿನಾಲ್ಕು ತಿಂಗಳಿಂದ ಭಾನುವಾರ ಭಾನುವಾರ 'ಸಂಬಂಧ: ತಾಯಿ' ಅಂತ ತಮ್ಮ ಕೈಯಾರೆ ಬರ್ದಿದಾರೆ. ತಾಯಿ ಇಲ್ಲ ಅಂತ ಅವರು ಹೇಗೆ ಬರೀತಾರೆ?" ವಾರ್ಡರ ಮೊದಲ ಬಾರಿಗೆ ನನ್ನತ್ತ ಗೆದ್ದವನ ಹಾಗೆ ನೋಡಿದ. "ಹಾಳೆ ಬದಲಾಗಿದ್ದು ಬುಧವಾರ ಮಧ್ಯಾಹ್ನ, ಡಬ್ಬಿ ಇಲ್ಲಿ ಒಂಟಿಯಾಗಿದ್ದಾಗ. ಸಾಹೇಬರು ಅವತ್ತು ಊರಲ್ಲೇ ಇರ್ಲಿಲ್ಲ. ಗುಮಾಸ್ತರೂ ಮೇಡಂ ಅವರೂ ಆ ಹೊತ್ತಿಗೆ ನನ್ನ ಜಗಲಿ ಮೇಲೆ ಊಟ ಮಾಡ್ತಿದ್ರು. ಇನ್ನು ಭಾನುವಾರ ಕೆಲಸಕ್ಕೆ ಬಾರದೆ ಈ ತಾಯೀನ ನೋಡೇ ಇರದವರು, ಸೋಮವಾರ ಬೀರು ಮುಂದೆ ಒಂದು ಗಂಟೆ ಒಬ್ಬರೇ ಇದ್ದವರು, ಟೀ ಲೋಟ ಹಿಡಿಯೋಕೂ ನಾಚೋರು ಯಾರು? ಹುಡುಗ ಆ ನಡುಗೋ ಅಕ್ಷರ ನೋಡಿದ ತಕ್ಷಣ ಗುರುತು ಹಿಡಿದ. ಅದಕ್ಕೇ ತನ್ನದೇ ಅಂದ. ಇಲ್ಲಿ ಅವನು ಇಷ್ಟು ದೊಡ್ಡ ಹೊರೆ ಹೊರೋದು ಒಬ್ಬರಿಗೋಸ್ಕರ ಮಾತ್ರ."

ಮೇಷ್ಟ್ರು ಮೇಜಿನ ಅಂಚು ಹಿಡಿದುಕೊಂಡರು. "ಹನ್ನೊಂದು ವರ್ಷದಿಂದ ತಾತ್ಕಾಲಿಕ ನೌಕರಿ," ಎಂದರು. "ಸ್ಪರ್ಧೆಯಲ್ಲಿ ಆ ಹಲಗೆ ಗೆದ್ರೆ ಕಾಯಂ ಮಾಡ್ತೀವಿ ಅಂದಿದ್ರು. ಕೈ ನಡುಗೋಕೆ ಶುರುವಾಗಿ ಒಂದು ವರ್ಷ ಆಯ್ತು. ಆ ಐದು ಹಕ್ಕೀನೂ ಇವನೇ ಕೆತ್ತಿದ್ದು. ಇವನು ಹೊರಟ್ರೆ ಎಲ್ಲ ಬಯಲಾಗತ್ತೆ ಅಂತ ಹೆದರಿದೆ. ಆರು ತಿಂಗಳು ತಡ ಆಗತ್ತೆ, ಅಷ್ಟೇ ಅಂದ್ಕೊಂಡೆ. ಬಿಗಿ ಕಾವಲು ಅಂದಾಗ್ಲೇ ಬಾಯಿ ಬಿಡ್ಬೇಕಿತ್ತು. ಬಿಡೋಕೆ ಧೈರ್ಯ ಸಾಲ್ಲಿಲ್ಲ."

"ಅವನ ನಿಜವಾದ ಹಾಳೆ ಎಲ್ಲಿ?" ಎಂದರು ಟೀಚರಮ್ಮ.

ಮೇಷ್ಟ್ರು ಹತ್ರಿ, ಉಳಿಗಳ ಪೆಟ್ಟಿಗೆಯ ತಳದಿಂದ ಮಡಿಚಿದ ಹಾಳೆ ತೆಗೆದರು. "ಬಿಚ್ಚಿಲ್ಲ. ಓದೋ ಮುಖ ನಂಗಿರ್ಲಿಲ್ಲ."

"ಈಗ ಓದಿ."

ಬಿಚ್ಚಿದರು. ಕಣ್ಣಾಡಿಸಿದರು. ಹಾಳೆಯನ್ನು ನನ್ನ ಕೈಗೆ ಕೊಟ್ಟು ಗೋಡೆಗೆ ಮುಖ ಮಾಡಿ ನಿಂತರು. ನಾನೇ ಗಟ್ಟಿಯಾಗಿ ಓದಿದೆ. ಹಾಳೆಯಲ್ಲಿ ಎರಡು ಕಡೆ ತೂತಾಗಿತ್ತು, ಕಾಗುಣಿತ ಹಾಳುಬಿದ್ದಿತ್ತು.

ಮನೆಯಲ್ಲಿ ಯಾರಿದ್ದಾರೆ? "ಅಮ್ಮ. ಕರಿಯೊದು ಅಕ್ಕ ಅಂತ."

ಹೊರಗೆ ಹೋದ ಮೇಲೆ ಮೊದಲು ಏನು ಮಾಡುತ್ತೀರಿ? "ಅಕ್ಕನ ಜತೆ ಊಟ. ಆಮೇಲೆ ಬುದವಾರ ಬುದವಾರ ಇಲ್ಲಿಗೆ ಬರ್ತಿನಿ. ಮೇಸ್ಟ್ರ ಕೈ ಸರಿ ಇಲ್ಲ. ಹಕ್ಕಿ ಮುಗಿಸಿ ಕೊಡಬೆಕು. ಮೇಡಂ ಇದು ಯಾರಿಗು ಹೇಳಬೇಡಿ."

ಮೇಡಂ ಕಣ್ಣೊರೆಸಿಕೊಳ್ಳುವುದನ್ನು ಮುಚ್ಚಿಡಲೂ ಹೋಗಲಿಲ್ಲ. ಹುಡುಗನ ತಾಯಿ ಎದ್ದು ಮೇಷ್ಟ್ರ ಬೆನ್ನ ಹಿಂದೆ ನಿಂತರು. ಬೈಯುತ್ತಾರೆಂದೇ ಎಲ್ಲರೂ ಕಾದೆವು.

"ಒಂದು ಮಾತು ಕೇಳಿದ್ರೆ ನಾನೇ ಕಳಿಸ್ತಿದ್ನಲ್ಲ ಸಾರ್," ಎಂದರು. "ಇವನನ್ನ ಎರಡು ದಿನದ ದಾರಿಗೆ ಕಳ್ಸೋಕೆ ಹೊರಟ್ರಲ್ಲ."

ಮೇಷ್ಟ್ರು ಹಣೆಯನ್ನು ಗೋಡೆಗೆ ಒರಗಿಸಿದರು.

ಸಾಹೇಬರು ಮಂಡಳಿಗೆ ಬರೆದಿಟ್ಟಿದ್ದ ವರದಿಯನ್ನು ಹರಿದರು. ಮೇಷ್ಟ್ರ ಮೇಲೆ ವಿಚಾರಣೆ, ಹಲಗೆಯ ಕೆಳಗೆ ಕೆತ್ತಿದವನ ಹೆಸರು, ಮೇಷ್ಟ್ರ ಕೈಗೆ ವೈದ್ಯರ ತಪಾಸಣೆ ಎಂದು ಮೂರು ಆದೇಶ ಬರೆಸಿದರು. ನಾಲ್ಕನೆಯದು ನನಗೆ: ಕಡತಗಳನ್ನೆಲ್ಲ ಭೇಟಿ ಪುಸ್ತಕದ ಜೊತೆ ತಾಳೆ ನೋಡತಕ್ಕದ್ದು. ಅಂದೇ ಕೂತು "ತಾಯಿ: ಇಲ್ಲ" ಎಂಬುದನ್ನು ಹೊಡೆದು ಹಾಕಿ ಸರಿಯಾಗಿ ಬರೆದೆ. ಇಪ್ಪತ್ತು ವರ್ಷದಲ್ಲಿ ಇನ್ನೆಷ್ಟು ತಾಯಂದಿರನ್ನು ಹೀಗೆ ಇಲ್ಲವಾಗಿಸಿದ್ದೇನೋ ಎಂದು ಆ ದಿನ ಊಟ ಸೇರಲಿಲ್ಲ.

ಹನ್ನೊಂದಕ್ಕೆ ಹುಡುಗ ಹೊಸ ಅಂಗಿ ತೊಟ್ಟು ಹೊರಟ. ಮರಗೆಲಸದ ಕೋಣೆಯ ಮುಂದೆ ಹಾದುಹೋಗುವಾಗ ಒಳಗೆ ನೋಡಲಿಲ್ಲ. ಎಲ್ಲರಿಗೂ ಕೈಮುಗಿದ, ಮೇಷ್ಟ್ರೊಬ್ಬರನ್ನು ಬಿಟ್ಟು.

"ಬರಲ್ಲ ಅವನು," ಎಂದರು ಮೇಷ್ಟ್ರು ಸಂಜೆ ನನ್ನ ಹತ್ತಿರ. "ಬರಲೂ ಬಾರದು ಬಿಡಿ." ನಾನು ಟೀಚರಮ್ಮನನ್ನು ಕೇಳಿದೆ. "ಅದು ನಾನು ಪತ್ತೆ ಮಾಡೋ ವಿಷಯ ಅಲ್ಲ ಗುಮಾಸ್ತರೇ," ಎಂದರು.

ಬುಧವಾರ ಹತ್ತು ಗಂಟೆ ಆಯಿತು, ಹತ್ತೂವರೆ ಆಯಿತು. ನಾನು ಏನೋ ನೆವ ಮಾಡಿಕೊಂಡು ಮೂರು ಸಲ ಗೇಟಿಗೆ ಹೋಗಿ ಬಂದೆ. ನಾಲ್ಕನೇ ಸಲ ಹೋದಾಗ ವಾರ್ಡರ ಭೇಟಿ ಪುಸ್ತಕವನ್ನು ನನ್ನತ್ತ ತಿರುಗಿಸಿದ. "ಸಂಬಂಧ ಏನು ಅಂದ್ರೆ, ಕೊಡಿ ನಾನೇ ಬರೀತೀನಿ ಅಂದ," ಎಂದ.

ಮರಗೆಲಸದ ಕೋಣೆಯಿಂದ ಉಳಿಯ ಮೇಲೆ ಕೊಡತಿ ಬೀಳುವ ಸದ್ದು ಕೇಳುತ್ತಿತ್ತು, ನಿಧಾನಕ್ಕೆ, ಒಂದೇ ಹದಕ್ಕೆ. ಪುಸ್ತಕದಲ್ಲಿ ಆ ದಿನದ ಕೊನೆಯ ಸಾಲು ಹಾಳೆ ತೂತಾಗುವಷ್ಟು ಒತ್ತಿ ಬರೆದದ್ದಾಗಿತ್ತು: "ಸಂಬಂದ: ಶಿಶ್ಯ."

ಕಾಗುಣಿತ ಎರಡು ಕಡೆ ತಪ್ಪಿತ್ತು. ನಾನು ತಿದ್ದಲಿಲ್ಲ.